ವಿದ್ಯುದ್ರಾಸಾಯನಿಕ ಗಡ್ಡೆ ಚಿಕಿತ್ಸೆ

ಕ್ಯಾನ್ಸರ್ ಗಡ್ಡೆಯೊಳಗೆ ಸೂಜಿಯಂಥ ಪ್ಲಾಟಿನಂ ವಿದ್ಯುದ್ವಾರಗಳನ್ನು ಚುಚ್ಚಿ, ಕೆಲವೇ ವೋಲ್ಟುಗಳ ಏಕಮುಖ ವಿದ್ಯುತ್ ಹರಿಸಿ ಅಂಗಾಂಶವನ್ನು ನಾಶಮಾಡುವ ಪ್ರಾಯೋಗಿಕ ವಿಧಾನ. ಪ್ರವಾಹ ಮಿಲಿಆಂಪಿಯರುಗಳ ಲೆಕ್ಕದ್ದು. ಚಿಕಿತ್ಸೆ ಗಂಟೆಗಟ್ಟಲೆ ಹಿಡಿಯಬಹುದು.

ಇಲ್ಲಿ ಗಡ್ಡೆಯನ್ನು ಕೊಲ್ಲುವುದು ಶಾಖವಲ್ಲ, ವಿದ್ಯುದ್ವಿಭಜನೆ. ಅಂಗಾಂಶದ್ರವದಲ್ಲಿ ಉಪ್ಪು ಇದ್ದೇ ಇರುತ್ತದೆ. ಆನೋಡಿನ ಬಳಿ ಕ್ಲೋರಿನ್ ಮತ್ತು ಆಮ್ಲಜನಕ ಹುಟ್ಟಿ ಪರಿಸರ ತೀವ್ರ ಆಮ್ಲೀಯವಾಗುತ್ತದೆ. ಕ್ಯಾಥೋಡಿನಲ್ಲಿ ಹೈಡ್ರೊಜನ್ ಗುಳ್ಳೆಗಳೆದ್ದು ಸುತ್ತಲೂ ಪ್ರಬಲ ಕ್ಷಾರ ಹರಡುತ್ತದೆ. ನೀರು ಆನೋಡಿನಿಂದ ಕ್ಯಾಥೋಡಿನತ್ತ ಸರಿಯುವುದರಿಂದ ಒಂದು ಕಡೆ ಅಂಗಾಂಶ ಒಣಗಿದರೆ ಇನ್ನೊಂದು ಕಡೆ ಊದಿಕೊಳ್ಳುತ್ತದೆ. ಈ ವಿನಾಶ ಕ್ಯಾನ್ಸರ್ ಕೋಶವನ್ನೇ ಆರಿಸಿ ಹೊಡೆಯುವಂಥದ್ದಲ್ಲ. ಆರೋಗ್ಯವಂತ ಕೋಶ ಸಿಕ್ಕರೆ ಅದೂ ಸಾಯುತ್ತದೆ; ಹಾಗಾಗಿ ಸೂಜಿ ಎಲ್ಲಿ ಕೂತಿದೆ ಎಂಬುದೇ ಮುಖ್ಯ.

ಇದರ ಪ್ರಮುಖ ಪ್ರವರ್ತಕ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಕಿರಣ ತಜ್ಞ ಬ್ಯೋರ್ನ್ ನಾರ್ಡೆನ್‌ಸ್ಟ್ರೋಮ್. ಶ್ವಾಸಕೋಶದ ಗಡ್ಡೆಗಳ ಮೇಲೆ ಪ್ರಯೋಗ ನಡೆಸಿದ ಆತ, ದೇಹದೊಳಗೆ ಮುಚ್ಚಿದ ವಿದ್ಯುನ್ಮಂಡಲಗಳಿವೆ ಎಂಬ ವಾದವನ್ನು 1983ರ ಗ್ರಂಥದಲ್ಲಿ ಮಂಡಿಸಿದ. ವಾದವನ್ನು ವೈದ್ಯಲೋಕ ಅಷ್ಟಾಗಿ ಒಪ್ಪಲಿಲ್ಲ. ವಿಧಾನ ಮಾತ್ರ 1980ರ ದಶಕದ ಕೊನೆಯಲ್ಲಿ ಚೀನಾಕ್ಕೆ ಹೋಗಿ, ಅಲ್ಲಿ ಸಾವಿರಾರು ರೋಗಿಗಳ ಮೇಲೆ ಬಳಕೆಯಾಯಿತು. ಅಲ್ಲಿಂದ ಬಂದ ಉತ್ತೇಜಕ ವರದಿಗಳಲ್ಲಿ ಹೋಲಿಕೆಯ ಗುಂಪುಗಳಿಲ್ಲದಿರುವುದು ದೊಡ್ಡ ಕೊರತೆ. ಇದು ಇಂದಿಗೂ ಪ್ರಮಾಣಿತ ಚಿಕಿತ್ಸೆಯಲ್ಲ.

ಹೆಸರು ಹತ್ತಿರವಾದರೂ ಎಲೆಕ್ಟ್ರೊಕೀಮೊಥೆರಪಿ ಬೇರೆಯದೇ. ಅದರಲ್ಲಿ ಅಧಿಕ ವೋಲ್ಟೇಜಿನ ಕ್ಷಣಿಕ ಸ್ಪಂದಗಳು ಕೋಶಪೊರೆಯಲ್ಲಿ ರಂಧ್ರ ತೆರೆದು, ಬ್ಲಿಯೊಮೈಸಿನ್‌ನಂಥ ಔಷಧವನ್ನು ಒಳಗೆ ಬಿಡುತ್ತವೆ.