ಕಲಬುರಗಿ ಸರ್ಕಾರಿ ವಸ್ತುಸಂಗ್ರಹಾಲಯ: ಪ್ರದರ್ಶನಗಳು ಮತ್ತು ಸಾರ್ವಜನಿಕ ಕಾರ್ಯಕ್ರಮಗಳು

(ತೆಂಗಳಿ, ಚಿತ್ತಾಪುರ, ವಾಡಿ, ಶಹಾಬಾದ್, ಸೇಡಂ ಮತ್ತು ಚಿಂಚೋಳಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಕರ್ನಾಟಕ ಸರ್ಕಾರದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಸೇರಿದ ಕಲಬುರಗಿಯ ವಸ್ತುಸಂಗ್ರಹಾಲಯವು ಸೇಡಂ ರಸ್ತೆಯಲ್ಲಿನ ಹಳೆಯ ಗುಮ್ಮಟ ಕಟ್ಟಡಗಳಲ್ಲಿ ನೆಲೆಗೊಂಡಿದೆ. ಸನ್ನತಿಯ ಬೌದ್ಧ ಶಿಲ್ಪಗಳು, ಜೈನ ತೀರ್ಥಂಕರರ ವಿಗ್ರಹಗಳು, ಶಾಸನಗಳು, ನಾಣ್ಯಗಳು ಮತ್ತು ಆಯುಧಗಳು ಇಲ್ಲಿನ ಸಂಗ್ರಹದಲ್ಲಿವೆ. ಯಾವ ಊರಿನ, ಯಾವ ಸ್ಥಳದಲ್ಲಿ ದೊರೆಯಿತು ಎಂಬ ವಿವರವಿದ್ದಾಗಲೇ ಇಂತಹ ವಸ್ತುವು ಇತಿಹಾಸಕ್ಕೆ ಪೂರ್ಣ ಸಾಕ್ಷ್ಯವಾಗುತ್ತದೆ. ಆ ವಿವರವನ್ನು ಬಲ್ಲವರು ಗ್ರಾಮಸ್ಥರು. ಆದುದರಿಂದ ಪ್ರದರ್ಶನಗಳಲ್ಲಿ ಸಾರ್ವಜನಿಕರ ಸಹಭಾಗಿತ್ವವು ಅತ್ಯಗತ್ಯವಾಗಿದೆ.

ಸನ್ನತಿ ನೀಡುವ ನಿದರ್ಶನ

ಭೀಮಾ ನದಿಯ ದಂಡೆಯಲ್ಲಿರುವ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲುಚಪ್ಪಡಿಯ ಮೇಲೆ ಸಾಮ್ರಾಟ ಅಶೋಕನ ಶಾಸನವಿರುವುದು ಕಂಡುಬಂದಿತು. ಪ್ರಾಕೃತ ಭಾಷೆ ಮತ್ತು ಬ್ರಾಹ್ಮೀ ಲಿಪಿಯಲ್ಲಿರುವ ಈ ಶಾಸನದಲ್ಲಿ 12 ಮತ್ತು 14ನೆಯ ಬಂಡೆ ಶಾಸನಗಳ ಪಾಠವೂ, ಅದಕ್ಕೆ ಮೊದಲು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠವೂ ಇವೆ. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ಕುಳಿ ಕೊರೆದುದರಿಂದ ಕೆಲವು ಅಕ್ಷರಗಳು ನಷ್ಟವಾಗಿವೆ.

ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು 1990ರ ದಶಕದಲ್ಲಿ ಕೈಗೊಂಡ ಉತ್ಖನನದಲ್ಲಿ ಮಹಾಸ್ತೂಪದ ಅವಶೇಷಗಳು ಬೆಳಕಿಗೆ ಬಂದವು. ಅವುಗಳಲ್ಲಿ ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅಶೋಕನ ಉಬ್ಬುಶಿಲ್ಪವು ಪ್ರಮುಖವಾದುದು. ಈ ಶಿಲ್ಪಗಳನ್ನು ಕೆತ್ತಿರುವುದು ಸುಣ್ಣಕಲ್ಲಿನಲ್ಲಿ. ಈ ಭಾಗದ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸಹ ಸುಣ್ಣಕಲ್ಲೇ ಆಗಿದೆ. ಹಳೆಯ ಕಟ್ಟೆಯಲ್ಲಿಯೋ, ಬಾವಿಯ ಮೆಟ್ಟಿಲಿನಲ್ಲಿಯೋ ಇರುವ ಸಾಮಾನ್ಯ ಕಲ್ಲಿನ ಮೇಲೂ ಬರಹ ಅಥವಾ ಶಿಲ್ಪವಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ವಿಶೇಷ ದಿನಾಚರಣೆಗಳು

ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಈ ಕೆಳಕಂಡ ಸಂದರ್ಭಗಳಲ್ಲಿ ಪ್ರದರ್ಶನ, ಉಪನ್ಯಾಸ ಹಾಗೂ ವಿದ್ಯಾರ್ಥಿಗಳಿಗೆ ಸ್ಪರ್ಧೆಗಳನ್ನು ಏರ್ಪಡಿಸುವುದು ವಾಡಿಕೆಯಾಗಿದೆ.

1. ವಿಶ್ವ ಪರಂಪರೆ ದಿನ – ಏಪ್ರಿಲ್ 18
2. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ – ಮೇ 18 (1977ರಿಂದ ಆಚರಣೆಯಲ್ಲಿದೆ)
3. ವಿಶ್ವ ಪರಂಪರೆ ಸಪ್ತಾಹ – ನವೆಂಬರ್ 19ರಿಂದ 25

ಆಯಾ ವರ್ಷದ ಕಾರ್ಯಕ್ರಮಗಳ ವಿವರವನ್ನು ವಸ್ತುಸಂಗ್ರಹಾಲಯದ ಕಛೇರಿಯಿಂದ ಪಡೆಯಬಹುದು.

ಸಾಮೂಹಿಕ ಭೇಟಿಗೆ ಅರ್ಜಿ

ಶಾಲಾ ಕಾಲೇಜುಗಳು, ಸ್ವಸಹಾಯ ಸಂಘಗಳು ಹಾಗೂ ಯುವಕ ಮಂಡಳಿಗಳು ಸಾಮೂಹಿಕ ಭೇಟಿಗಾಗಿ ಕಛೇರಿಗೆ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಮನವಿಯಲ್ಲಿ ಈ ಕೆಳಗಿನ ಅಂಶಗಳನ್ನು ನಮೂದಿಸುವುದು.

ಅ) ಸಂಸ್ಥೆಯ ಹೆಸರು ಮತ್ತು ವಿಳಾಸ
ಆ) ಭೇಟಿಯ ದಿನಾಂಕ ಮತ್ತು ವೇಳೆ
ಇ) ಭಾಗವಹಿಸುವವರ ಸಂಖ್ಯೆ, ವಿದ್ಯಾರ್ಥಿಗಳಾದಲ್ಲಿ ತರಗತಿ
ಈ) ಜೊತೆಯಲ್ಲಿ ಬರುವ ಜವಾಬ್ದಾರಿಯುತ ವ್ಯಕ್ತಿಯ ಹೆಸರು
ಉ) ವಿವರಣೆ ನೀಡುವವರ ಅಗತ್ಯವಿದ್ದಲ್ಲಿ ಆ ಬಗ್ಗೆ ಕೋರಿಕೆ

ವಾರದ ರಜಾದಿನ, ಪ್ರವೇಶದ ವೇಳೆ ಹಾಗೂ ಛಾಯಾಚಿತ್ರ ತೆಗೆಯಲು ಅನುಮತಿಯ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು. ಸೇಡಂ ಮತ್ತು ಚಿತ್ತಾಪುರದವರು ರೈಲಿನಲ್ಲಿ ವಾಡಿ ಮಾರ್ಗವಾಗಿ ಕಲಬುರಗಿಯನ್ನು ತಲುಪಬಹುದು.

ಮನೆಯಲ್ಲಿರುವ ಹಳೆಯ ವಸ್ತುಗಳು

ಪ್ರದರ್ಶನಕ್ಕಾಗಿ ಸ್ವಂತ ವಸ್ತುಗಳನ್ನು ಎರವಲು ನೀಡಲಿಚ್ಛಿಸುವವರು ಮೊದಲು ಕಛೇರಿಯ ಒಪ್ಪಿಗೆ ಪಡೆದು, ವಸ್ತುವಿನ ಸ್ಥಿತಿ, ಅಳತೆ ಮತ್ತು ಹಿಂತಿರುಗಿಸುವ ದಿನಾಂಕವುಳ್ಳ ಸ್ವೀಕೃತಿ ಪತ್ರವನ್ನು ಪಡೆದುಕೊಳ್ಳತಕ್ಕದ್ದು. ಎರವಲು ನೀಡಿದ ಮಾತ್ರಕ್ಕೆ ಮಾಲೀಕತ್ವವು ವರ್ಗಾವಣೆಯಾಗುವುದಿಲ್ಲ.

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಪ್ರಕಾರ 100 ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ ಮುಂತಾದವು ಹಾಗೂ 75 ವರ್ಷಗಳಿಗೆ ಕಡಿಮೆಯಿಲ್ಲದ, ಮಹತ್ವವುಳ್ಳ ಹಸ್ತಪ್ರತಿಗಳು ಪುರಾತನ ವಸ್ತುಗಳೆನಿಸುತ್ತವೆ. ಸರ್ಕಾರವು ಅಧಿಸೂಚಿಸಿದ ವರ್ಗದ ವಸ್ತುಗಳನ್ನು ನೋಂದಾಯಿಸುವುದು ಕಡ್ಡಾಯ. ನೋಂದಾಯಿತ ವಸ್ತುವಿನ ಮಾಲೀಕತ್ವ ಅಥವಾ ಸ್ವಾಧೀನ ಬದಲಾಗುವಲ್ಲಿ ನೋಂದಣಾಧಿಕಾರಿಗೆ ತಿಳಿಸತಕ್ಕದ್ದು.

ಭೂಮಿಯಲ್ಲಿ ವಸ್ತು ದೊರೆತಲ್ಲಿ

ಉಳುಮೆ, ಕಲ್ಲುಗಣಿ ಕೆಲಸ ಅಥವಾ ಬುನಾದಿ ತೋಡುವಾಗ ವಿಗ್ರಹ ಇಲ್ಲವೇ ಬರಹವುಳ್ಳ ಕಲ್ಲು ಕಂಡುಬಂದಲ್ಲಿ ಕೆಲಸವನ್ನು ನಿಲ್ಲಿಸಿ, ಕಲ್ಲನ್ನು ಕದಲಿಸದೆ, ಉಜ್ಜಿ ತೊಳೆಯದೆ, ಬಣ್ಣ ಬಳಿಯದೆ ಗ್ರಾಮ ಪಂಚಾಯಿತಿ, ತಹಶೀಲ್ದಾರರ ಕಛೇರಿ ಅಥವಾ ವಸ್ತುಸಂಗ್ರಹಾಲಯಕ್ಕೆ ತಿಳಿಸುವುದು. ನಾಣ್ಯ, ಆಭರಣ ಮುಂತಾದ ನಿಧಿ ದೊರೆತಲ್ಲಿ ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮ, 1962ರಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡತಕ್ಕದ್ದು. ದೊರೆತ ವಸ್ತುವಿನ ಸ್ವರೂಪ, ಸ್ಥಳ ಮತ್ತು ದಿನಾಂಕವನ್ನು ಅದರಲ್ಲಿ ತಿಳಿಸುವುದು.

ಹೀಗೆ ತಿಳಿಸಿದ ವಸ್ತುವು ಪ್ರದರ್ಶನದಲ್ಲಿ ತನ್ನ ಊರಿನ ಹೆಸರಿನೊಂದಿಗೆ ಉಳಿಯುತ್ತದೆ. ಗುಟ್ಟಾಗಿ ಮಾರಾಟವಾದ ವಸ್ತುವಿನ ಊರು ಯಾವುದೆಂದು ಮುಂದೆ ಯಾರಿಗೂ ತಿಳಿಯದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಲು ಕೋರಲಾಗಿದೆ.