ಹಿಮದ ಹಾದಿಗೆ ನಾಲ್ಕು ಚಕ್ರಗಳು

ನಾನು ಕಾರು ಇಟ್ಟುಕೊಂಡವನಲ್ಲ. ಮೂವತ್ತಮೂರು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಮೊದಲ ಹನ್ನೊಂದು ವರ್ಷ ಸೈಕಲ್ಲು, ಉಳಿದ ಅವಧಿಗೆ ಒಂದು ಸ್ಕೂಟರು. ಮಳೆಗಾಲದಲ್ಲಿ ಆ ಸ್ಕೂಟರನ್ನು ಶಾಲೆಯ ಗೇಟಿನವರೆಗೆ ತಳ್ಳಿಕೊಟ್ಟ ಹಳೆಯ ವಿದ್ಯಾರ್ಥಿಗಳು ಈ ಲೇಖನದ ವಿಷಯವನ್ನು ಕಂಡು ನಕ್ಕರೆ ಆಶ್ಚರ್ಯವಿಲ್ಲ. ಆದರೆ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಇತಿಹಾಸದ ಮೇಷ್ಟ್ರಾದವನಿಗೆ ಪ್ರಶ್ನೆ ಎದ್ದಾಗ ಮಾಡಲು ಬರುವುದು ಒಂದೇ ಕೆಲಸ, ಹಿಂದಿನದನ್ನು ಓದುವುದು.

ನನ್ನ ಮಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿದ್ದಾಳೆ. ಅಳಿಯನ ಕೆಲಸ ಅಲ್ಲಿ. ಇವಳ ಕೆಲಸ ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ದೂರದ ವಾಟರ್‌ಟೌನಿನಲ್ಲಿ. ದಿನವೂ ಹೋಗಿ ಬರಬೇಕು. ಈ ದಾರಿ ಒಂಟಾರಿಯೋ ಸರೋವರದ ಪೂರ್ವದ ಅಂಚಿನಲ್ಲಿ ಸಾಗುತ್ತದೆ. ಅಲ್ಲಿಯ ಹಿಮಪಾತವನ್ನು ನಮ್ಮವರಿಗೆ ತಿಳಿಸಲು ಆಗುಂಬೆಯೇ ಸರಿಯಾದ ಉದಾಹರಣೆ. ಅರಬ್ಬೀ ಸಮುದ್ರದ ಮೇಲೆ ಬೀಸಿ ಬಂದ ಗಾಳಿ ಸಹ್ಯಾದ್ರಿಗೆ ತಾಗಿ ಮಳೆ ಸುರಿಸುವಂತೆ, ಕೆನಡಾದ ಕಡೆಯ ಶೀತಗಾಳಿಯು ಹೆಪ್ಪುಗಟ್ಟದ ಸರೋವರದ ಮೇಲೆ ಹಾಯುವಾಗ ತೇವವನ್ನು ಹೀರಿಕೊಂಡು, ಟಗ್ ಹಿಲ್ ಎಂಬ ಎತ್ತರದ ನೆಲಕ್ಕೆ ಬಂದು ಹಿಮವಾಗಿ ಇಳಿಸುತ್ತದೆ. ಒಂದು ಊರಿನಲ್ಲಿ ಬಿಸಿಲು, ಹತ್ತು ಮೈಲಿ ಆಚೆ ಕೈ ಚಾಚಿದರೆ ಬೆರಳು ಕಾಣದಷ್ಟು ಹಿಮ.

ಮೂರು ವರ್ಷಗಳ ಹಿಂದೆ, ನವೆಂಬರಿನ ಒಂದು ಸಂಜೆ, ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಅವಳ ಕಾರು ನಿಲ್ಲದೆ ಜಾರಿ, ಅಡ್ಡ ರಸ್ತೆಯನ್ನು ದಾಟಿ, ಎದುರಿನ ಹಿಮದ ದಿಬ್ಬಕ್ಕೆ ಹೊಕ್ಕಿತು. ಆ ಕ್ಷಣದಲ್ಲಿ ಅಡ್ಡ ರಸ್ತೆಯಲ್ಲಿ ಬೇರೆ ವಾಹನವಿರಲಿಲ್ಲ. ಇದನ್ನು ಅವಳು ನಮಗೆ ಹೇಳಿದ್ದು ಸಂಕ್ರಾಂತಿಯ ದಿನ, ಅದೂ ಮಾತಿನ ನಡುವೆ ಬಾಯಿ ತಪ್ಪಿ. ಅದು ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಕಾರು, ಅಂದರೆ ಆಲ್ ವೀಲ್ ಡ್ರೈವ್. ಹಿಮಕ್ಕೆಂದೇ ಕೊಂಡದ್ದು. "ಹೊರಡುವಾಗ ಚೆನ್ನಾಗಿಯೇ ಹೊರಡುತ್ತಿತ್ತು ಅಪ್ಪ, ನಿಲ್ಲಲಿಲ್ಲ ಅಷ್ಟೆ" ಎಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಹಳೆಯ ಕಾರನ್ನು ಬದಲಿಸುವ ಚರ್ಚೆ ನಡೆದಾಗ ಅಳಿಯನು ಇನ್ನೂ ವೇಗದ, ಇನ್ನೂ ಶಕ್ತಿಯ ಆಲ್ ವೀಲ್ ಡ್ರೈವ್ ಕಾರು ಬೇಕೆಂದನು. ಭಾರಿ ಲಾರಿಗಳನ್ನು ಬೇಗ ದಾಟಬಹುದು, ದಿನಕ್ಕೆ 220 ಕಿಲೋಮೀಟರಿನ ಬೇಸರವೂ ಕಡಿಮೆಯಾಗುತ್ತದೆ ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೂ ನಾನು ಓದಲು ಕುಳಿತೆ.

1903ರಷ್ಟು ಹಿಂದೆಯೇ ಹಾಲೆಂಡಿನ ಸ್ಪೈಕರ್ ಸಹೋದರರು 60 ಅಶ್ವಶಕ್ತಿಯ, ಆರು ಸಿಲಿಂಡರಿನ, ನಾಲ್ಕೂ ಚಕ್ರಗಳಿಗೆ ಚಾಲನೆಯಿದ್ದ ಕಾರೊಂದನ್ನು ನಿರ್ಮಿಸಿದರು. ಅದರ ಬ್ರೇಕು ಕೂಡ ನಾಲ್ಕೂ ಚಕ್ರಗಳ ಮೇಲೆ ಕೆಲಸ ಮಾಡುತ್ತಿತ್ತು. ಆ ಕಾಲಕ್ಕೆ ಇದು ಅಪರೂಪ. ಅನಂತರ ಬಹುಕಾಲ ನಾಲ್ಕು ಚಕ್ರಗಳ ಚಾಲನೆ ಲಾರಿಗಳಿಗೆ ಮತ್ತು ಯುದ್ಧದ ಜೀಪುಗಳಿಗೆ ಮೀಸಲಾಯಿತು.

ಅದನ್ನು ಮನೆಯ ಕಾರಿಗೆ ತರಲು ಹಟ ತೊಟ್ಟವರಲ್ಲಿ ಒಬ್ಬರ ಹೆಸರು ನಮ್ಮ ರೈತರಿಗೂ ಪರಿಚಿತ. ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರನ್ನು ನೋಡದ ಹಳ್ಳಿ ನಮ್ಮಲ್ಲಿ ಇಲ್ಲವೆನ್ನಬಹುದು. ಆ ಫರ್ಗುಸನ್ನರೇ, ಐರ್ಲೆಂಡಿನ ಹ್ಯಾರಿ ಫರ್ಗುಸನ್. 1953ರಲ್ಲಿ ಅವರ ಟ್ರ್ಯಾಕ್ಟರ್ ಉದ್ಯಮವು ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿಯೊಂದಿಗೆ ಸೇರಿಹೋಯಿತು. ಕೊನೆಯ ವರ್ಷಗಳಲ್ಲಿ ಅವರ ಮನಸ್ಸೆಲ್ಲ ಜಾರದ ಕಾರಿನ ಮೇಲಿತ್ತು. ಜೊತೆಗಿದ್ದವರು ಟೋನಿ ರೋಲ್ಟ್ ಎಂಬ ಸೈನ್ಯಾಧಿಕಾರಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿ ಕೋಲ್ಡಿಟ್ಜ್ ಕೋಟೆಯಲ್ಲಿದ್ದು, ಅಲ್ಲಿನ ಅಟ್ಟದಲ್ಲಿ ಸಂಗಡಿಗರೊಡನೆ ಗುಟ್ಟಾಗಿ ಗ್ಲೈಡರ್ ಕಟ್ಟಿದವರು. (ಆ ಕಥೆಯೇ ಒಂದು ಲೇಖನಕ್ಕಾಗುವಷ್ಟಿದೆ, ಇನ್ನೊಮ್ಮೆ ಬರೆಯುವೆ.) ಫರ್ಗುಸನ್ನರು 1960ರಲ್ಲಿ ತೀರಿಕೊಂಡರು. ಮರುವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಓಲ್ಟನ್ ಪಾರ್ಕಿನ ಒದ್ದೆ ರಸ್ತೆಯಲ್ಲಿ ಸ್ಟರ್ಲಿಂಗ್ ಮಾಸ್ ಅವರ ಕಾರು ಓಡಿಸಿ ಗೆದ್ದರು. ನಾಲ್ಕು ಚಕ್ರಗಳ ಚಾಲನೆಯ ಕಾರೊಂದು ಫಾರ್ಮುಲಾ ಒನ್ ಪಂದ್ಯ ಗೆದ್ದದ್ದು ಅದೊಂದೇ ಸಲ.

1966ರಲ್ಲಿ ಇದೇ ವ್ಯವಸ್ಥೆಯನ್ನು ಅಳವಡಿಸಿಕೊಂಡ ಜೆನ್ಸನ್ ಎಫ್‌ಎಫ್ ಎಂಬ ವೇಗದ ಕಾರು ಬಂದಿತು. ನನ್ನ ಗಮನ ಸೆಳೆದದ್ದು ಅದರ ವೇಗವಲ್ಲ. ವಿಮಾನಗಳಿಗಾಗಿ ಡನ್‌ಲಪ್ ಕಂಪನಿಯು ರೂಪಿಸಿದ್ದ, ಚಕ್ರಗಳು ಬಿಗಿದು ಜಾರದಂತೆ ತಡೆಯುವ ಮ್ಯಾಕ್ಸರೆಟ್ ಎಂಬ ಬ್ರೇಕು ವ್ಯವಸ್ಥೆಯನ್ನೂ ಅದರಲ್ಲಿ ಕೂಡಿಸಿದ್ದರು. ಹೊರಡುವುದರ ಜೊತೆಗೆ ನಿಲ್ಲುವುದನ್ನೂ ಯೋಚಿಸಿದ್ದರೆಂದು ಇದರರ್ಥ. ಆದರೆ ಕಾರು ದುಬಾರಿ. ಅದರ ಒಳರಚನೆಯ ಕಾರಣದಿಂದ ಸ್ಟಿಯರಿಂಗನ್ನು ಎಡಕ್ಕೆ ಬದಲಿಸಲಾಗದೆ ಅಮೆರಿಕದ ಮಾರುಕಟ್ಟೆಯೂ ತಪ್ಪಿತು. ಒಟ್ಟು ತಯಾರಾದದ್ದು 320 ಮಾತ್ರ.

ಬಡವರ ಮನೆಗೆ ಅದು ಬಂದದ್ದು ಜಪಾನಿನ ದಾರಿಯಿಂದ. ಈಶಾನ್ಯ ಜಪಾನಿನ ತೊಹೊಕು ವಿದ್ಯುತ್ ಕಂಪನಿಯ ಕೆಲಸಗಾರರು ಚಳಿಗಾಲದಲ್ಲಿ ಬೆಟ್ಟಗಳ ತಂತಿಗಳನ್ನು ನೋಡಿಕೊಳ್ಳಬೇಕಿತ್ತು. ಜೀಪಿನಲ್ಲಿ ಕುಳಿತರೆ ಚಳಿ, ಮೈ ಕುಲುಕು. ಜೀಪಿನಂತೆ ಹಿಮದಲ್ಲಿ ಸಾಗುವ, ಆದರೆ ಕಾರಿನಂತೆ ಬೆಚ್ಚಗಿರುವ ವಾಹನ ಬೇಕೆಂದು ಅವರು ಕೇಳಿದರು. ಮಿಯಾಗಿ ಪ್ರಾಂತ್ಯದ ಸುಬಾರು ಮಾರಾಟಗಾರರ ಕಾರ್ಯಾಗಾರದಲ್ಲಿ ಒಂದು ಸಾಧಾರಣ ವ್ಯಾನಿನ ಹಿಂದಿನ ಚಕ್ರಗಳಿಗೂ ಚಾಲನೆ ಜೋಡಿಸಲಾಯಿತು. ಅದರಿಂದ ಬೆಳೆದು ಬಂದದ್ದೇ 1972ರ ಸುಬಾರು ಲಿಯೋನೆ. ಪಂದ್ಯದ ಹುಚ್ಚಿನಿಂದಲ್ಲ, ಲೈನ್‌ಮನ್‌ಗಳ ನಿತ್ಯದ ಕಷ್ಟದಿಂದ ಹುಟ್ಟಿದ ಕಾರು ಎಂಬುದು ನನಗೆ ಬಹಳ ಹಿಡಿಸಿತು. ಅಂದ ಹಾಗೆ ಸುಬಾರು ಎಂದರೆ ಜಪಾನೀ ಭಾಷೆಯಲ್ಲಿ ನಮ್ಮ ಕೃತ್ತಿಕಾ ನಕ್ಷತ್ರಪುಂಜ. ಅವರ ಲಾಂಛನದಲ್ಲಿ ಆರು ನಕ್ಷತ್ರಗಳಿವೆ. ಷಣ್ಮುಖನನ್ನು ಸಾಕಿದ ಆರು ತಾಯಂದಿರನ್ನು ನೆನೆದು ನನ್ನ ಮಡದಿ ಆಗಲೇ ತನ್ನ ಮತವನ್ನು ಸುಬಾರುವಿಗೆ ಹಾಕಿಬಿಟ್ಟಳು.

ವೇಗವೂ ಹಿಮವೂ ಕೂಡಿದ ಕಥೆ ಆಡಿ ಕ್ವಾಟ್ರೊದ್ದು. 1977ರ ಚಳಿಗಾಲದಲ್ಲಿ ಫಿನ್ಲೆಂಡಿನಲ್ಲಿ ಪರೀಕ್ಷೆ ನಡೆಸುತ್ತಿದ್ದ ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರು ಒಂದು ಸಂಗತಿಯನ್ನು ಗಮನಿಸಿದರು. ಸೈನ್ಯಕ್ಕಾಗಿ ತಯಾರಾದ ಇಲ್ಟಿಸ್ ಎಂಬ ಅಲ್ಪಶಕ್ತಿಯ ವಾಹನವು ಹಿಮದಲ್ಲಿ ಹೆಚ್ಚು ಶಕ್ತಿಯ ಕಾರುಗಳನ್ನು ಹಿಂದಿಕ್ಕುತ್ತಿತ್ತು. ಇದನ್ನೇ ಕಾರಿಗೆ ಅಳವಡಿಸೋಣವೆಂದು ಅವರು ಮೇಲಧಿಕಾರಿ ಫರ್ಡಿನಾಂಡ್ ಪೀಖ್ ಅವರಿಗೆ ಸೂಚಿಸಿದರು. 1978ರ ಜನವರಿಯಲ್ಲಿ ಮಾದರಿ ಕಾರು ಆಸ್ಟ್ರಿಯಾದ ಟುರಾಖರ್ ಹೋಯೆ ಎಂಬಲ್ಲಿ ಶೇಕಡ 23ರಷ್ಟು ಕಡಿದಾದ ಹಿಮದ ಘಟ್ಟವನ್ನು, ಸರಪಳಿಯಿಲ್ಲದೆ, ಬೇಸಿಗೆಯ ಟಯರುಗಳಲ್ಲೇ ಹತ್ತಿತು. ಈ ಆರೋಹಣವನ್ನು ಎಲ್ಲರೂ ವರ್ಣಿಸುತ್ತಾರೆ. ಅದೇ ಟಯರುಗಳಲ್ಲಿ ಇಳಿದದ್ದು ಹೇಗೆಂದು ಯಾರೂ ಅಷ್ಟು ಉತ್ಸಾಹದಿಂದ ಹೇಳಿದ್ದನ್ನು ನಾನು ಕಾಣೆ.

ಆ ಮಾದರಿ ಕಾರನ್ನು ವಿಯೆನ್ನಾದಲ್ಲಿ ಹಿರಿಯ ಅಧಿಕಾರಿಯೊಬ್ಬರ ಪತ್ನಿ ಓಡಿಸಿ, ತಿರುವುಗಳಲ್ಲಿ ಕಾರು ಕುಪ್ಪಳಿಸುತ್ತದೆ ಎಂದು ದೂರಿದರಂತೆ. ಕಾರಣ ಸರಳ. ಸ್ವಾತಂತ್ರ್ಯ ದಿನದ ಪಥಸಂಚಲನವನ್ನು ನೆನೆಯಿರಿ. ಸಾಲು ತಿರುಗುವಾಗ ಒಳಗಿನ ಹುಡುಗ ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರಗಿನವನು ದಾಪುಗಾಲಿಡಬೇಕು. ಎಲ್ಲರೂ ಒಂದೇ ಅಳತೆಯ ಹೆಜ್ಜೆ ಹಾಕಿದರೆ ಸಾಲು ಮುರಿಯುತ್ತದೆ. ಎಡ ಬಲ ಚಕ್ರಗಳಂತೆಯೇ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ತಿರುವಿನಲ್ಲಿ ಕ್ರಮಿಸುವ ದೂರ ಬೇರೆ ಬೇರೆ. ಅವೆರಡರ ನಡುವೆ ಹೊಂದಾಣಿಕೆಗೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಬೇಕು. ಅದನ್ನೂ ಸೇರಿಸಿ 1980ರ ಮಾರ್ಚಿನಲ್ಲಿ ಜಿನೀವಾದಲ್ಲಿ 200 ಅಶ್ವಶಕ್ತಿಯ ಕ್ವಾಟ್ರೊ ಅನಾವರಣಗೊಂಡಿತು. 1981ರಲ್ಲಿ ಇಟಲಿಯ ಸಾನ್‌ರೆಮೊ ರ‍್ಯಾಲಿಯನ್ನು ಈ ಕಾರಿನಲ್ಲಿ ಗೆದ್ದ ಫ್ರಾನ್ಸಿನ ಮಿಶೆಲ್ ಮೂಟೋನ್, ವಿಶ್ವ ರ‍್ಯಾಲಿ ಪಂದ್ಯವೊಂದನ್ನು ಗೆದ್ದ ಮೊದಲ ಮಹಿಳೆ. ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದಾಗ, "ನಾನು ಆಫೀಸಿಗೆ ಹೋಗುವವಳು ಅಪ್ಪ" ಎಂದಳು! ಸುಬಾರುವೂ 1992ರಲ್ಲಿ ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್ ಎಂಬ ವೇಗದ ಕಾರನ್ನು ಹೊರತಂದು ಇದೇ ಪಂದ್ಯಗಳಲ್ಲಿ ಹೆಸರು ಮಾಡಿತು. ಅಳಿಯನ ಕಣ್ಣು ಬಿದ್ದದ್ದು ಅದರ ಇತ್ತೀಚಿನ ಪೀಳಿಗೆಯ ಮೇಲೆ.

ಇಷ್ಟೆಲ್ಲ ಓದಿದ ಮೇಲೆ ಮಗಳ ಮಾತು ನನಗೆ ಅರ್ಥವಾಯಿತು. ಎಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಹೋಗಲಿ, ನಾಲ್ಕಕ್ಕೆ ಹೋಗಲಿ, ಬ್ರೇಕು ಮಾತ್ರ ಸುಮಾರು ನೂರು ವರ್ಷಗಳಿಂದ ಎಲ್ಲ ಕಾರುಗಳಿಗೂ ನಾಲ್ಕು ಚಕ್ರಗಳಲ್ಲೇ ಇದೆ. ಆದ್ದರಿಂದ ನಿಲ್ಲುವ ವಿಷಯದಲ್ಲಿ ಆಲ್ ವೀಲ್ ಡ್ರೈವಿನದು ವಿಶೇಷ ಸಹಾಯವಿಲ್ಲ. ಅದು ಹೊರಡಿಸುತ್ತದೆ, ಏರಿಸುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಎಂಬುದನ್ನು ಚಾಲಕನಿಂದ ಮರೆಮಾಡಿಯೂ ಬಿಡುತ್ತದೆ. ನಿಲ್ಲಿಸುವುದು ಟಯರಿನ ರಬ್ಬರು. ಸಾಧಾರಣ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಚಳಿಗಾಲದ ಟಯರು ಮೃದುವಾಗಿಯೇ ಉಳಿಯುತ್ತದೆ, ಅದರ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಸ್ವೀಡನ್ನಿನ ಹಿಮದ ರ‍್ಯಾಲಿಗೆ ಹೋಗುವ ಮಹಾವೇಗದ ಕಾರುಗಳಿಗೂ ಅಗಲ ಕಡಿಮೆಯ, ಮೊಳೆ ಬಡಿದ ಟಯರುಗಳೇ ಬೇಕು.

ಈ ಟಯರಿನ ಕಥೆ ಕ್ವಾಟ್ರೊಗಿಂತ ಹಳೆಯದು. 1934ರಲ್ಲಿ ಫಿನ್ಲೆಂಡಿನ ರಬ್ಬರು ಕಂಪನಿಯೊಂದು ಲಾರಿಗಳಿಗೆ ಚಳಿಗಾಲದ ಟಯರನ್ನು ತಯಾರಿಸಿತು. 1936ರಲ್ಲಿ ಕಾರುಗಳಿಗೆ ಹಕ್ಕಪೆಲಿಟ್ಟ ಎಂಬುದು ಬಂದಿತು. ಆ ಕಂಪನಿಯ ಕಾರ್ಖಾನೆ ಇದ್ದ ಊರು ನೋಕಿಯಾ. ಹೌದು, ಒಂದು ಕಾಲಕ್ಕೆ ನಿಮ್ಮೆಲ್ಲರ ಜೇಬಿನಲ್ಲಿದ್ದ ಫೋನಿನ ನೋಕಿಯಾವೇ. 1967ರಲ್ಲಿ ರಬ್ಬರು ಕಂಪನಿಯೂ ಸೇರಿಯೇ ಆ ದೊಡ್ಡ ಸಂಸ್ಥೆ ರೂಪುಗೊಂಡಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದ ಟಯರು ಕಡ್ಡಾಯ. ನ್ಯೂಯಾರ್ಕ್ ರಾಜ್ಯದಲ್ಲಿ ಅಂಥ ಕಾಯಿದೆಯಿಲ್ಲ, ನನ್ನ ಮಗಳ ಕಾರಿನಲ್ಲಿ ಅಂಥ ಟಯರೂ ಇರಲಿಲ್ಲ. ಅಂಗಡಿಯಲ್ಲಿ ಚಕ್ರಗಳ ಚಾಲನೆಯ ಗುಣಗಾನ ಮಾಡಿದವರು ಟಯರಿನ ಮಾತೆತ್ತಿರಲಿಲ್ಲ. ಇನ್ನು ವೇಗದ ಕಾರುಗಳಲ್ಲಿ ಅನೇಕವು ಅಂಗಡಿಯಿಂದ ಬರುವುದೇ ಬೇಸಿಗೆಯ ಟಯರುಗಳೊಡನೆ. ಹಿಮಕ್ಕೆಂದು ಕೊಂಡು, ಹಾಗೆಯೇ ಓಡಿಸಿದರೆ ಗತಿಯೇನು?

ಅಳಿಯನಿಗೆ ನಾಲ್ಕು ಪುಟದ ಪತ್ರ ಬರೆದೆ. ಅವನು ಶಾಂತವಾಗಿ ಓದಿದ, ಎರಡು ಕಡೆ ನನ್ನ ಲೆಕ್ಕವನ್ನು ತಿದ್ದಿದ, ಕೊನೆಗೆ ತನಗೆ ಬೇಕಾದ ವೇಗದ ಕಾರನ್ನೇ ಕೊಂಡ. ಆದರೆ ಅದರೊಂದಿಗೆ ಚಳಿಗಾಲದ ನಾಲ್ಕು ಟಯರುಗಳನ್ನು ಬೇರೆ ಚಕ್ರಗಳ ಸಮೇತ ತರಿಸಿದ. ಎರಡಲ್ಲ, ನಾಲ್ಕು; ಮುಂದಿನವು ಹಿಡಿದು ಹಿಂದಿನವು ಜಾರಿದರೆ ಕಾರು ಬುಗುರಿಯಾಗುತ್ತದೆ ಎಂದು ಅವನೇ ನನಗೆ ವಿವರಿಸಿದ. ನವೆಂಬರ್ ಮೊದಲ ವಾರ ಅವನ್ನು ಹಾಕಿಸುವುದು, ಏಪ್ರಿಲಿನಲ್ಲಿ ತೆಗೆಸುವುದು ಈಗ ಆ ಮನೆಯಲ್ಲಿ ಹಬ್ಬಗಳಂತೆ ಪಂಚಾಂಗಕ್ಕೆ ಸೇರಿಹೋಗಿದೆ.

ಅವಳು ಸಂಜೆ ಏಳಕ್ಕೆ ಮನೆ ಸೇರಿದರೆ ನಮಗೆ ಇಲ್ಲಿ ಬೆಳಗಿನ ಐದೂವರೆ. ಡಿಸೆಂಬರಿನಿಂದ ಮಾರ್ಚಿನವರೆಗೆ "ತಲುಪಿದೆ" ಎಂಬ ಒಂದು ಪದದ ಸಂದೇಶ ಬಂದ ಮೇಲೆಯೇ ಮಡದಿ ಕಾಫಿಗೆ ನೀರಿಡುತ್ತಾಳೆ. ಕಳೆದ ಜನವರಿಯಲ್ಲಿ ಒಂದು ದಿನ ಆರೂ ಮುಕ್ಕಾಲಾದರೂ ಬರಲಿಲ್ಲ. ದಾರಿಯಲ್ಲಿ ಎದುರಿಗೆ ಏನೂ ಕಾಣದಷ್ಟು ಹಿಮ ಬೀಳುತ್ತಿತ್ತೆಂದು, ಪುಲಾಸ್ಕಿ ಎಂಬ ಊರಿನಲ್ಲಿ ಹೆದ್ದಾರಿ ಬಿಟ್ಟಿಳಿದು ಕಾರು ನಿಲ್ಲಿಸಿಕೊಂಡು ಕುಳಿತಿದ್ದಳಂತೆ.