ದೇವರುಖದ ಸೋದರಿಯರು: ಬಾಯಾ ಕರ್ವೆ ಮತ್ತು ಪಾರ್ವತೀಬಾಯಿ ಆಠವಲೆ

ವಸಾಹತುಕಾಲದ ಕುಟುಂಬಜೀವನವನ್ನು ಕುರಿತ ಅಧ್ಯಯನಗಳಲ್ಲಿ ಗಂಡ, ಅತ್ತೆಮಾವ, ಸುಧಾರಕ, ಸರ್ಕಾರ ಇವರ ಪ್ರಸ್ತಾಪ ಹೇರಳವಾಗಿದೆ. ಅಕ್ಕತಂಗಿಯರ ಸಂಬಂಧಕ್ಕೆ ದೊರೆತಿರುವ ಗಮನ ಅಲ್ಪ. ಕೊಂಕಣದ ದೇವರುಖದ ಜೋಶಿ ಮನೆತನದ ಇಬ್ಬರು ಸೋದರಿಯರ ಮರಾಠಿ ಆತ್ಮಕಥನಗಳನ್ನು ಜೊತೆಯಲ್ಲಿಟ್ಟು ಓದಿದಾಗ ಈ ಕೊರತೆ ನಮಗೆ ಸ್ಪಷ್ಟವಾಗುತ್ತದೆ. ತಂಗಿ ಪಾರ್ವತೀಬಾಯಿ ಆಠವಲೆಯವರ ‘ಮಾಝೀ ಕಹಾಣೀ’ 1928ರಲ್ಲಿಯೂ ಅಕ್ಕ ಆನಂದೀಬಾಯಿ ಕರ್ವೆಯವರ ‘ಮಾಝೇ ಪುರಾಣ’ 1944ರಲ್ಲಿಯೂ ಪ್ರಕಟವಾದವು.

ಅಕ್ಕನ ತವರಿನ ಹೆಸರು ಗೋದೂಬಾಯಿ. ಬಾಯಾ ಎಂಬುದು ಬಳಕೆಯ ಹೆಸರು. ಎಂಟನೆಯ ವಯಸ್ಸಿನಲ್ಲಿ ಮದುವೆಯಾಗಿ ಕೆಲವೇ ತಿಂಗಳುಗಳಲ್ಲಿ ವಿಧವೆಯಾದ ಅವರನ್ನು ಸೋದರನು ಮುಂಬಯಿಗೆ ಕರೆತಂದು, 1889ರಲ್ಲಿ ಆರಂಭವಾದ ಪಂಡಿತಾ ರಮಾಬಾಯಿಯವರ ಶಾರದಾ ಸದನಕ್ಕೆ ಸೇರಿಸಿದನು. ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಅವರೇ. (ರಮಾಬಾಯಿಯವರು ಹುಟ್ಟಿದುದು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಎಂಬುದನ್ನು ಕನ್ನಡಿಗರಾದ ನಾವು ಆಗಾಗ ಮರೆಯುತ್ತೇವೆ.) 1893ರಲ್ಲಿ ಅವರು ಧೋಂಡೋ ಕೇಶವ ಕರ್ವೆಯವರನ್ನು ವರಿಸಿದರು. ವಿಧವಾವಿವಾಹಕ್ಕೆ ಶಾಸನದ ಒಪ್ಪಿಗೆ ದೊರೆತು ಆಗ 37 ವರ್ಷಗಳಾಗಿದ್ದವು. ಆದರೂ ಕರ್ವೆಯವರ ಸ್ವಂತ ಊರಾದ ಮುರುಡವು ದಂಪತಿಗಳಿಗೆ ಬಹಿಷ್ಕಾರ ಹಾಕಿತು. 1856ರ ಶಾಸನಕ್ಕೆ ಊಟದ ಪಂಕ್ತಿಯ ಮೇಲೆ ಅಧಿಕಾರವಿರಲಿಲ್ಲ.

ತಂಗಿಯ ಕಥೆ ಬೇರೆ. 1870ರಲ್ಲಿ ಹುಟ್ಟಿದ ಪಾರ್ವತೀಬಾಯಿಯವರಿಗೆ ಹನ್ನೊಂದನೆಯ ವಯಸ್ಸಿನಲ್ಲಿ ವಿವಾಹವಾಯಿತು. ಸುಮಾರು ಇಪ್ಪತ್ತರಲ್ಲಿ ಪತಿವಿಯೋಗ, ಮಡಿಲಲ್ಲಿ ಒಬ್ಬ ಮಗ, ಆಮೇಲೆ ಕೇಶಮುಂಡನ. ಇಂತಹ ಮಡಿಹೆಂಗಸು ಪುಣೆಗೆ ಬಂದು ನಿಂತದ್ದು ಪುನರ್ವಿವಾಹಿತಳಾದ ಅಕ್ಕನ ಆಶ್ರಯದಲ್ಲಿ! ಅಕ್ಷರಾಭ್ಯಾಸವನ್ನು ಅವರು ಆರಂಭಿಸಿದ್ದು ಆ ವಯಸ್ಸಿನಲ್ಲಿ. ಸ್ವತಃ ಮರುಮದುವೆಯನ್ನು ಮಾತ್ರ ಅವರು ಒಪ್ಪಲಿಲ್ಲ.

ಇಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕರ್ವೆಯವರು 1896ರಲ್ಲಿ ಸ್ಥಾಪಿಸಿದ ಅನಾಥ ಬಾಲಿಕಾಶ್ರಮವು 1900ರಲ್ಲಿ ಪುಣೆಯ ಹೊರವಲಯದ ಹಿಂಗಣೆಗೆ ಸ್ಥಳಾಂತರಗೊಂಡಿತು. ಅದು ವಿಧವೆಯರ ವಿದ್ಯಾಭ್ಯಾಸಕ್ಕೆ ಮೀಸಲೇ ಹೊರತು ಮರುಮದುವೆಯ ಏರ್ಪಾಡಲ್ಲವೆಂದು ಅವರು ಸಮಾಜಕ್ಕೆ ಮನಗಾಣಿಸಬೇಕಾಗಿತ್ತು. ಆ ಭರವಸೆಯನ್ನು ಅಕ್ಕ ಕೊಡುವಂತಿರಲಿಲ್ಲ. ಬೋಳುತಲೆಯ ತಂಗಿ ಕೊಡಬಲ್ಲವರಾಗಿದ್ದರು. ಪಾರ್ವತೀಬಾಯಿಯವರು ಆಶ್ರಮಕ್ಕಾಗಿ ಊರೂರು ಸುತ್ತಿ ನಿಧಿ ಸಂಗ್ರಹಿಸಿದರು. ಅವಮಾನದ ಗುರುತೇ ಅವರಿಗೆ ರಹದಾರಿಯಾಗಿತ್ತೆಂದು ನಮ್ಮ ಅಭಿಪ್ರಾಯ. ಸಂಪ್ರದಾಯವನ್ನು ಮುರಿದವಳು ಸ್ವತಂತ್ರಳು, ಪಾಲಿಸಿದವಳು ಬಂದಿ ಎಂಬ ರೂಢಿಯ ವಿಂಗಡಣೆ ಈ ಸೋದರಿಯರಿಗೆ ಹೊಂದುವುದಿಲ್ಲ. ಅಕ್ಕ ಬಹಿಷ್ಕಾರವನ್ನು ಹೊತ್ತು ನಿಂತ ಮನೆಯಿಲ್ಲದೆ ತಂಗಿಗೆ ಓದೂ ಇರಲಿಲ್ಲ, ಸಂಚಾರವೂ ಇರಲಿಲ್ಲ.

1912ರಲ್ಲಿ ಪಾರ್ವತೀಬಾಯಿಯವರು ಕೂದಲು ಬೆಳೆಸತೊಡಗಿದರು. 1918ರಲ್ಲಿ, ನಲವತ್ತೆಂಟರ ಪ್ರಾಯದಲ್ಲಿ, ಇಂಗ್ಲಿಷ್ ಕಲಿಯುವ ಹಂಬಲದಿಂದ ಅಮೆರಿಕೆಗೆ ತೆರಳಿ, ಪರರ ಮನೆಗೆಲಸ ಮಾಡಿ ಹೊಟ್ಟೆ ಹೊರೆದು, 1920ರಲ್ಲಿ ಹಿಂದಿರುಗಿದರು. ಅವರ ಪುಸ್ತಕವನ್ನು ಜಸ್ಟಿನ್ ಆಬಟ್ 1930ರಲ್ಲಿ ಇಂಗ್ಲಿಷಿಗೆ ಅನುವಾದಿಸಿದಾಗ ‘ನನ್ನ ಕಥೆ’ ಎಂಬ ಹೆಸರು ಉಳಿದು, ಅದರ ಜೊತೆಗೆ ‘ಹಿಂದೂ ವಿಧವೆಯ ಆತ್ಮಕಥೆ’ ಎಂಬ ಉಪಶೀರ್ಷಿಕೆ ಸೇರಿತು.